ನೀಲಿ ಕುರ್ಚಿಯ ಅಮ್ಮ

ಮೂರನೆಯ ವರ್ಷ ಶುರುವಾಗುವ ಹೊತ್ತಿಗೆ ನಮ್ಮ ಕಾಲೇಜಿನಲ್ಲಿ ನಾಟಕ ಓದುವವಳು ನಾನೊಬ್ಬಳೇ ಉಳಿದಿದ್ದೆ. ಹಿಂದೂಪುರದ ಆ ಸಣ್ಣ ಕಾಲೇಜಿನಲ್ಲಿ ಇತಿಹಾಸ, ತೆಲುಗು ಸಾಹಿತ್ಯದ ಜೊತೆ ರಂಗಭೂಮಿಯನ್ನೂ ಒಂದು ವಿಷಯವಾಗಿ ತೆಗೆದುಕೊಳ್ಳಬಹುದಿತ್ತು. ಮೊದಲ ವರ್ಷ ನಾವು ಒಂದು ಬೆಂಚು ತುಂಬುವಷ್ಟು ಜನ ಇದ್ದೆವು. ಒಬ್ಬಳಿಗೆ ಮದುವೆಯಾಯಿತು, ಇಬ್ಬರು ಕಂಪ್ಯೂಟರ್ ಕಡೆ ಹೋದರು, ಇನ್ನೊಬ್ಬ ಯಾಕೆ ಬಿಟ್ಟನೋ ಗೊತ್ತಾಗಲಿಲ್ಲ. ಅವನ ಮುಖವೂ ನೆನಪಿಗೆ ಬರುವುದಿಲ್ಲ. ಬೆಂಚಿನ ತುದಿಯಲ್ಲಿ ಕೂತು ಬಸ್ ಟಿಕೆಟ್ಟನ್ನು ಸುರುಳಿ ಸುತ್ತಿ ಕಿವಿಯೊಳಗೆ ತಿರುಗಿಸುತ್ತಿದ್ದ ಬೆರಳುಗಳು ಮಾತ್ರ ಬರುತ್ತವೆ. ಅವು ಅವನವೇ ಎಂದು ನಾನು ಪ್ರಮಾಣ ಮಾಡಿ ಹೇಳಲಾರೆ.

ಒಬ್ಬಳೇ ಉಳಿದದ್ದರಿಂದ ಒಂದು ತೊಡಕಾಯಿತು. ಕೊನೆಯ ವರ್ಷದ ಪ್ರಾಕ್ಟಿಕಲ್ ಎಂದರೆ ಒಂದು ನಾಟಕ ಆಡಿ ತೋರಿಸುವುದು. ಹೊರಗಿನ ಕಾಲೇಜಿನಿಂದ ಪರೀಕ್ಷಕರು ಬರುತ್ತಾರೆ. ರಂಗದ ಮೇಲೆ ಕಡಿಮೆಯೆಂದರೂ ಇಬ್ಬರಿರಬೇಕು. ಎರಡನೆಯವರು ವಿದ್ಯಾರ್ಥಿಯೇ ಆಗಿರಬೇಕೆಂದಿಲ್ಲ, ಯಾರಾದರೂ ನಡೆಯುತ್ತದೆ. ಆದರೆ ಒಬ್ಬಳೇ ನಿಂತು ಮಾತಾಡಿ ಇಳಿದರೆ ಫೇಲು. ಫೇಲಾದರೆ ಪದವಿ ಇಲ್ಲ. ಅಷ್ಟು ಸರಳ.

ನಮಗೆ ನಾಟಕ ಕಲಿಸುತ್ತಿದ್ದ ಮೇಷ್ಟ್ರು ಕಾಂಟ್ರಾಕ್ಟ್ ಮೇಲೆ ಇದ್ದವರು. ತೆಲುಗು ಪಾಠವೂ ಅವರದೇ, ಪರೀಕ್ಷೆಯ ಕಾಲದಲ್ಲಿ ಹಾಲ್ ಟಿಕೆಟ್ ಹಂಚುವುದೂ ಅವರೇ. ಮನೆ ಕೊಡಿಕೊಂಡದಲ್ಲಿ, ರಾಜ್ಯದ ಗಡಿಯ ಚೆಕ್‌ಪೋಸ್ಟಿನ ಹತ್ತಿರ. ಹುಟ್ಟಿದಾಗಿನಿಂದ ಲಾರಿ ಹಾರನ್ನುಗಳ ನಡುವೆ ಮಾತಾಡಿ ಅವರ ಪಿಸುಮಾತೂ ಕೊನೆಯ ಬೆಂಚಿಗೆ ಕೇಳುವಷ್ಟಾಗಿತ್ತು. ಮನೆಯಲ್ಲಿ ಕನ್ನಡ, ಕಾಲೇಜಿನಲ್ಲಿ ತೆಲುಗು, ನನ್ನ ಹಾಗೆಯೇ. ನಾವಿಬ್ಬರೇ ಇರುವಾಗ ಕನ್ನಡ ಆಡುತ್ತಿದ್ದರು.

ಕೆಮಿಸ್ಟ್ರಿ ಲ್ಯಾಬಿನ ಹಿಂದೆ ಉದ್ದನೆಯ ಒಂದು ಹಾಲು, ಒಂದು ತುದಿಗೆ ಮೊಣಕಾಲೆತ್ತರದ ಸಿಮೆಂಟಿನ ಕಟ್ಟೆ. ಅದೇ ನಮ್ಮ ರಂಗ. ಆ ವರ್ಷದ ಮೊದಲ ಕ್ಲಾಸಿನಲ್ಲಿ ಅವರು ಕುರ್ಚಿಗಳನ್ನು ಎಳೆದು ತಂದು ಕಟ್ಟೆಯ ಮೇಲಿಟ್ಟರು.

“ಇದು ನಿಮ್ಮಮ್ಮ,” ಅಂದರು, ನೀಲಿ ಪ್ಲಾಸ್ಟಿಕ್ ಕುರ್ಚಿ ತೋರಿಸಿ. “ಇದು ನಿಮ್ಮಣ್ಣ.” ಅದು ಒಂದು ಕೈ ಮುರಿದ ಮರದ ಕುರ್ಚಿ. “ಮನುಷ್ಯರು ಸಿಗೋ ತನಕ ಇವ್ರ ಜೊತೆ ಆಡು. ಮಧ್ಯದಾಗೆ ಎದ್ದೋಗಲ್ಲ, ಫೋನ್ ನೋಡಲ್ಲ. ಒಳ್ಳೆ ನಟರು ಕಣಮ್ಮ.”

ಅಣ್ಣನ ಪಾರ್ಟು ಬಹಳ ದಿನ ಉಳಿಯಲಿಲ್ಲ. ಒಬ್ಬರು ಸಿಗುವುದೇ ಕಷ್ಟವಾದಾಗ ಇಬ್ಬರನ್ನು ಎಲ್ಲಿಂದ ತರುವುದು ಎಂದು ಮೇಷ್ಟ್ರು ಅವನನ್ನು ಕಿತ್ತುಹಾಕಿದರು. “ಅವ್ನು ಊರಾಗಿಲ್ಲ ಅಂತ ಒಂದು ಮಾತು ಸೇರ್ಸಿದ್ರೆ ಆಯ್ತು.” ಮರದ ಕುರ್ಚಿಯನ್ನು ಮೂಲೆಗೆ ಒಯ್ದಿಟ್ಟೆ. ಯಾಕೋ ಅದನ್ನು ಗೋಡೆಯ ಕಡೆ ಮುಖ ಮಾಡಿ ಇಡಲು ಮನಸ್ಸಾಗಲಿಲ್ಲ.

ನಾಟಕ ಮೇಷ್ಟ್ರು ಬರೆದದ್ದೇ. ಅರ್ಧ ತೆಲುಗು, ಅರ್ಧ ಕನ್ನಡ, ನಮ್ಮ ಕಡೆಯ ಮನೆಗಳ ಮಾತಿನ ಹಾಗೆ. ಬೇರೆ ಊರಿನಲ್ಲಿ ಓದುತ್ತಿರುವ ಮಗಳು ಮನೆಗೆ ಬರುತ್ತಾಳೆ. ಅಮ್ಮ ಹಗ್ಗದ ಮೇಲಿನ ಬಟ್ಟೆ ಮಡಿಸುತ್ತಿದ್ದಾಳೆ. ಮಗಳಿಗೆ ಹೇಳುವುದು ಬಹಳ ಇದೆ, ಅಮ್ಮ ಏನೂ ಕೇಳುವುದಿಲ್ಲ. ಕೊನೆಗೆ ಮಗಳು, “ಏನಾದ್ರೂ ಕೇಳಮ್ಮ” ಅನ್ನುತ್ತಾಳೆ. ಅಮ್ಮ, “ಊಟ ಮಾಡ್ತೀಯಾ?” ಅನ್ನುತ್ತಾಳೆ. ಅದಕ್ಕೆ ಉತ್ತರವಾಗಿ ಮಗಳದು ಒಂದು ಉದ್ದನೆಯ ಮಾತು, ನಾಟಕ ಮುಗಿಯುತ್ತದೆ.

ಇದು ನಮ್ಮ ಮನೆಯೇ ಎಂದು ಆಗ ನನಗೆ ಅನಿಸಿತ್ತು. ಕಲ್ಯಾಣದುರ್ಗದಲ್ಲಿ ನಮ್ಮದು ನೇಯುವವರ ಮನೆ. ಅಪ್ಪ ಮಗ್ಗ ಬಿಟ್ಟು ಬಟ್ಟೆ ಅಂಗಡಿ ಹಾಕಿದ ಮೇಲೆ ಕಾಲು ಇಳಿಬಿಟ್ಟು ನೇಯುತ್ತಿದ್ದ ಮಗ್ಗದ ಗುಂಡಿಯನ್ನು ಸಿಮೆಂಟಿನಿಂದ ಮುಚ್ಚಿಸಿದರು. ಈಗ ಅಲ್ಲಿ ಫ್ರಿಜ್ ನಿಂತಿದೆ. ಶನಿವಾರ ಮಡಕಶಿರಾ ದಾರಿಯ ಬಸ್ಸೋ ಪೆನುಕೊಂಡ ದಾರಿಯ ಬಸ್ಸೋ ಹಿಡಿದು ಮನೆಗೆ ಹೋದರೆ ಅಪ್ಪನಿಗೆ ಅಂಗಡಿ, ಅಣ್ಣನಿಗೆ ಫೋನು, ಅಮ್ಮನಿಗೆ ಅಡುಗೆಮನೆ. ನಾನು ಹಿಂದೂಪುರದಲ್ಲಿ ಏನು ಓದುತ್ತಿದ್ದೇನೆ ಎಂದು ಯಾರೂ ಕೇಳುತ್ತಿರಲಿಲ್ಲ. ಆದರೆ ಇದನ್ನೆಲ್ಲ ಮೇಷ್ಟ್ರಿಗೆ ನಾನು ಮೊದಲೇ ಹೇಳಿದ್ದೆನೋ, ಅದಕ್ಕೇ ಅವರು ಹಾಗೆ ಬರೆದರೋ? ಅಥವಾ ಅವರು ಬರೆದದ್ದನ್ನು ದಿನಾ ಬಾಯಿಪಾಠ ಮಾಡಿ ಮಾಡಿ ನಮ್ಮ ಮನೆ ನನ್ನ ತಲೆಯಲ್ಲಿ ಹಾಗಾಯಿತೋ? ಎಷ್ಟು ಯೋಚಿಸಿದರೂ ಯಾವುದು ಮೊದಲು ಎಂಬುದು ಸಿಗುವುದಿಲ್ಲ.

ನಾನು ಕುರ್ಚಿಯ ಜೊತೆ ಆಡಿದೆ. ಅಮ್ಮನ ಮಾತುಗಳನ್ನು ಮೇಷ್ಟ್ರೇ ಹೇಳುತ್ತಿದ್ದರು. ಅವರು ಕೂರುತ್ತಿದ್ದುದು ಹಾಲಿನ ಇನ್ನೊಂದು ತುದಿಯ ಕಿಟಕಿ ಹತ್ತಿರ, ತೊಡೆಯ ಮೇಲೆ ತೆಲುಗು ಟೆಸ್ಟ್ ಪೇಪರಿನ ಕಟ್ಟು, ಕೈಯಲ್ಲಿ ಕೆಂಪು ಪೆನ್ನು. ತಲೆ ಎತ್ತದೆಯೇ ಅಮ್ಮನಾಗುತ್ತಿದ್ದರು: “ಬಂದ್ಯಾ? ಚಪ್ಪಲಿ ಆ ಕಡೆ ಬಿಡು.” ನಾನು ನೀಲಿ ಕುರ್ಚಿಗೆ ಉತ್ತರ ಕೊಡುತ್ತಿದ್ದೆ. ಅಮ್ಮನ ಮೈ ಇಲ್ಲಿ, ದನಿ ಅಲ್ಲಿ. ಮೊದಮೊದಲು ನಗು ಬರುತ್ತಿತ್ತು, ಆಮೇಲೆ ಬರಲಿಲ್ಲ. ಆ ಕುರ್ಚಿಯ ಬೆನ್ನಿನಲ್ಲಿ ಎಲೆಯಾಕಾರದ ತೂತುಗಳಿದ್ದವು. ಒಂದು ಎಲೆ ಸೀಳಿತ್ತು. ಆ ಸೀಳಿನ ಮೇಲೆ ಕಣ್ಣಿಟ್ಟರೆ ಮಾತು ತಾನಾಗಿ ಬರುತ್ತಿತ್ತು. ಮೇಷ್ಟ್ರು ಸಿಗದ ದಿನ ನಾನೊಬ್ಬಳೇ ಹಾಲಿನ ಬೀಗ ತೆಗೆಸಿ ಅದರ ಮುಂದೆ ಕೂತು, ನಾಟಕದಲ್ಲಿಲ್ಲದ ಮಾತನ್ನೂ ಆಡಿದ್ದುಂಟು.

ನಾನಿದ್ದ ಬಾಡಿಗೆ ರೂಮು ಪವರ್‌ಲೂಮುಗಳ ಬೀದಿಯಲ್ಲಿತ್ತು. ಹಗಲೆಲ್ಲ ಮಗ್ಗದ ಸದ್ದು, ಅದರೊಳಗೇ ನನ್ನ ಪಾರ್ಟು ಹೇಳಿಕೊಳ್ಳುತ್ತಿದ್ದೆ. ಕರೆಂಟು ಹೋದಾಗ ಬೀದಿಗೆ ಬೀದಿಯೇ ನಿಂತುಬಿಡುತ್ತಿತ್ತು. ನನ್ನ ದನಿ ನನಗೇ ಜೋರಾಗಿ ಕೇಳಿ ಬಾಯಿ ಮುಚ್ಚಿಕೊಳ್ಳುತ್ತಿದ್ದೆ. ಹಾಗೆ ಕರೆಂಟು ಹೋದ ಒಂದು ಸಂಜೆ ಮನೆ ಓನರಮ್ಮ ಬಾಗಿಲಿಗೆ ಬಂದು ನಿಂತರು.

“ಯಾರ್ ಜೊತೆ ಕಣಮ್ಮ ಜಗಳ, ದಿನಾ?”

“ಜಗಳ ಅಲ್ಲಾಂಟಿ. ನಾಟಕ. ನಮ್ಮಮ್ಮನ ಜೊತೆ.”

ಅವರು ಕತ್ತು ಚಾಚಿ ರೂಮಿನೊಳಗೆ ಒಂದು ಸುತ್ತು ನೋಡಿದರು. “ಗೆಲ್ಲೋದ್ಯಾರು, ನೀನೋ ನಿಮ್ಮಮ್ಮನೋ?”

ಅವರೇ ನಕ್ಕು ಒಂದು ತಟ್ಟೆ ಕಡಲೆಕಾಯಿ ಕೊಟ್ಟು ಹೋದರು. ಆ ವಾರ ಯಾರಾದರೂ ನನ್ನ ನಾಟಕದ ಬಗ್ಗೆ ಕೇಳಿದ್ದು ಅದೊಂದೇ ಸಲ ಎಂದು ನೆನಪು. ಹೀಗೆ ಬರೆದರೆ ನನ್ನ ಬಗ್ಗೆ ನನಗೇ ಕರುಣೆ ಉಕ್ಕುವ ಹಾಗೆ ಕಾಣುತ್ತದೆ. ಬೇರೆಯವರೂ ಕೇಳಿರಬಹುದು.

ಎರಡನೆಯವರನ್ನು ಹುಡುಕುವ ಕೆಲಸ ನಡೆದೇ ಇತ್ತು. ಮೊದಲು ನಮ್ಮಮ್ಮನನ್ನೇ ಕೇಳಿದೆ. “ನಾನಾ? ನಾಕು ಜನದ ಮುಂದೆ ನಿಂತ್ಕಂಡಾ? ನಿಮ್ಮಪ್ಪ ನಕ್ಕೂ ನಕ್ಕೂ ಸಾಯ್ತಾರೆ,” ಅಂದು ಅಮ್ಮ ಒಗ್ಗರಣೆ ಹಾಕಿದರು. ಆ ಚುರ್ರೆನ್ನುವ ಸದ್ದಿನಲ್ಲಿ ಮಾತು ಮುಗಿಯಿತು. ಆಮೇಲೆ ಬಿ.ಕಾಂ. ಓದುತ್ತಿದ್ದ ಒಬ್ಬ ಹುಡುಗಿ ಒಪ್ಪಿಕೊಂಡಳು. ರೀಲ್ಸ್ ಮಾಡುತ್ತಿದ್ದಳು, ಚುರುಕಾಗಿದ್ದಳು. ಮೇಷ್ಟ್ರು ಅವಳನ್ನು ನೀಲಿ ಕುರ್ಚಿ ಇದ್ದ ಜಾಗದಲ್ಲೇ ನಿಲ್ಲಿಸಿದರು. ಸ್ವಲ್ಪ ಹೊತ್ತಾದ ಮೇಲೆ ಅವಳು ಮಾತು ನಿಲ್ಲಿಸಿ ದುಪಟ್ಟಾ ಸರಿಮಾಡಿಕೊಂಡಳು.

“ಅಕ್ಕಾ, ನೀವು ನನ್ ಮುಖ ನೋಡೋದೇ ಇಲ್ಲ. ಸೊಂಟ ನೋಡ್ತೀರ. ನಂಗೆ ಒಂಥರಾ ಆಯ್ತದೆ.”

ನಿಜವಾಗಿತ್ತು. ನನ್ನ ಕಣ್ಣು ಕುರ್ಚಿಯ ಸೀಳಿದ ಎಲೆ ಇರಬೇಕಾದ ಎತ್ತರದಲ್ಲೇ ನಿಂತಿತ್ತು. ಇನ್ನೂ ವಿಚಿತ್ರವೆಂದರೆ, ಅವಳು ಮಾತಾಡಿದಾಗಲೆಲ್ಲ ನಾನು ಉತ್ತರ ಕೊಡಲು ಹಾಲಿನ ಹಿಂದಿನ ಕಿಟಕಿಯ ಕಡೆ ತಿರುಗುತ್ತಿದ್ದೆ. ಅಮ್ಮನ ದನಿ ಬರುವುದು ಅಲ್ಲಿಂದ ಎಂದು ಕತ್ತು ಕಲಿತುಬಿಟ್ಟಿತ್ತು. “ನಾನಿಲ್ಲಿದೀನಿ ಅಕ್ಕಾ,” ಅಂದು ಅವಳು ಕೈ ಬೀಸಿದಳು. ಮಾರನೆಯ ದಿನವೂ ಹಾಗೇ ಆಯಿತು. ಆಮೇಲೆ ಅವಳು ಬರಲಿಲ್ಲ. ಕ್ಯಾಂಟೀನಿನಲ್ಲಿ ಕಂಡರೆ ಅವಳ ಗೆಳತಿಯರು ತಮ್ಮ ಸೊಂಟಕ್ಕೆ ಬ್ಯಾಗು ಅಡ್ಡ ಹಿಡಿಯುತ್ತಿದ್ದರು.

ಮೇಷ್ಟ್ರಿಗೆ ಆಗ ಗೊತ್ತಾಯಿತು, ತಾವು ಕಲಿಸಿದ ರೀತಿಯೇ ನನಗೆ ಅಂಟಿಕೊಂಡಿದೆ ಎಂದು. ನನ್ನ ಕಣ್ಣು ಎತ್ತರಿಸಲು ಕುರ್ಚಿಗೆ ಒಂದು ಪೊರಕೆ ಕಟ್ಟಿ ಅದರ ತುದಿಗೆ ಅಟೆಂಡರನ ಹೆಲ್ಮೆಟ್ ಸಿಕ್ಕಿಸಿದರು. “ಇದು ತಲೆ. ಇಲ್ಲಿ ನೋಡು.” ನಾನು ಹೆಲ್ಮೆಟ್ಟಿಗೆ, “ಏನಾದ್ರೂ ಕೇಳಮ್ಮ” ಅನ್ನುವಷ್ಟರಲ್ಲಿ ಅಟೆಂಡರು ಬಂದು, “ಸಾರ್, ಬ್ಯಾಂಕಿಗೆ ಹೋಯ್ತೀನಿ, ಅಮ್ಮನ ತಲೆ ಬೇಕಿತ್ತು,” ಅಂದು ಬಿಚ್ಚಿಕೊಂಡು ಹೋದ. ನಾವಿಬ್ಬರೂ ನಕ್ಕೆವು. ನಗು ನಿಂತ ಮೇಲೆ ಮೇಷ್ಟ್ರು ಪೊರಕೆ ಬಿಚ್ಚುತ್ತಾ ಹೇಳಿದರು: “ತಪ್ಪು ನಂದೇ ಕಣಮ್ಮ. ಈಗ ಮನುಷ್ಯರನ್ನೇ ತರಬೇಕು.”

ಅವರು ತಂದದ್ದು ಕುಂದುರ್ಪಿ ಕಡೆಯ ಒಬ್ಬ ನಟಿಯನ್ನು. ಹಳ್ಳಿಗಳಲ್ಲಿ ಆಡುವ ಪೌರಾಣಿಕ ನಾಟಕಗಳ ರಾಣಿ ಪಾರ್ಟುಗಳಿಗೆಲ್ಲ ಅವರು. ಬೆಳುಗುಪ್ಪದಿಂದ ಹಿಡಿದು ಗಡಿಯಾಚೆಯ ಊರುಗಳವರೆಗೆ ಕರೆಸುತ್ತಾರೆ. ಅಂಥ ನಾಟಕಗಳಲ್ಲಿ ಒಂದು ರೂಢಿಯಿದೆ. ಊರಿನ ಗಂಡಸರು ತಿಂಗಳಾನುಗಟ್ಟಲೆ ತಾವು ತಾವೇ ಅಭ್ಯಾಸ ಮಾಡುತ್ತಾರೆ. ಹೊರಗಿನಿಂದ ಬರುವ ನಟಿ ತನ್ನ ಪಾರ್ಟನ್ನು ತನ್ನ ಮನೆಯಲ್ಲೇ ಕಲಿತು, ನಾಟಕದ ದಿನ ಬಸ್ಸಿಳಿದು ಬಂದು ಬಣ್ಣ ಹಚ್ಚುತ್ತಾಳೆ. ಗಂಡನ ಪಾರ್ಟಿನವನ ಮುಖವನ್ನು ಅವಳು ಮೊದಲು ನೋಡುವುದು ರಂಗದ ಮೇಲೆ. ಆದ್ದರಿಂದ ಮೇಷ್ಟ್ರು ಅಮ್ಮನ ಮಾತುಗಳನ್ನಷ್ಟೇ ಫೋನಿನಲ್ಲಿ ರೆಕಾರ್ಡ್ ಮಾಡಿ, ಪ್ರತಿಯೊಂದರ ಮುಂದೆ ನನ್ನ ಮಾತಿನ ಕೊನೆಯ ಎರಡು ಪದ ಸೇರಿಸಿ ವಾಟ್ಸಾಪಿನಲ್ಲಿ ಕಳಿಸಿದರು. ಪರೀಕ್ಷೆಗೆ ಮುಂಚೆ ಒಂದು ಸಲವಾದರೂ ಬರುತ್ತೀರಾ ಎಂದು ನಾನು ಫೋನಿನಲ್ಲಿ ಕೇಳಿಕೊಂಡೆ.

“ರಿಹರ್ಸಲ್ಲಾ? ಪಾರ್ಟು ಬಂದ್ರೆ ಸಾಕು ಕಣಮ್ಮ. ಎದುರ್ಗೆ ಯಾರವ್ರೆ ಅಂತ ಸ್ಟೇಜ್ ಮ್ಯಾಲೆ ಗೊತ್ತಾಯ್ತದೆ.”

ಎದುರಿಗೆ ಯಾರಿದ್ದಾರೆ ಎಂದು ನನಗೆ ಸ್ಟೇಜಿನ ಮೇಲೂ ಗೊತ್ತಾಗುವುದಿಲ್ಲವಲ್ಲ ಎಂಬುದೇ ನನ್ನ ಭಯ.

ಪರೀಕ್ಷೆಯ ದಿನ ಅವರು ವೈರ್ ಬುಟ್ಟಿ ಹಿಡಿದು ಬಂದರು. ಐವತ್ತು ದಾಟಿದ ಹೆಂಗಸು, ಒಂದು ಕಾಲು ಸ್ವಲ್ಪ ಎಳೆದು ನಡೆಯುತ್ತಿದ್ದರು. ಹಾಲಿನೊಳಗೆ ಬಂದವರೇ, ಹಳ್ಳಿ ನಾಟಕದಲ್ಲಿ ಮೈಕು ತೂಗುಬಿಡುವ ಎತ್ತರಕ್ಕೆ, ಮೇಲೆ ನೋಡಿದರು.

“ಮೈಕೆಲ್ಲಿ?”

“ಮೈಕಿಲ್ಲಮ್ಮ. ಸಣ್ಣ ಹಾಲು,” ಅಂದರು ಮೇಷ್ಟ್ರು.

“ಮೈಕಿಲ್ದೆ ನಾಟ್ಕಾನ! ಎತ್ಲಾಗ್ ನೋಡ್ಲಿ ಮತ್ತೆ?” ಆಮೇಲೆ ನನ್ನ ಕಡೆ ತಿರುಗಿ, “ನೀನೇನಾ ನನ್ನ ಮಗಳು? ಸರೇ ಸರೇ. ಕತೆ ಏನ್ ಕಣಮ್ಮ? ನಂಗೆ ನನ್ ಮಾತಷ್ಟೇ ಕಳ್ಸವ್ರೆ.”

ಹೇಳಿದೆ. ಕೇಳಿಸಿಕೊಳ್ಳುತ್ತಲೇ ಮುಖಕ್ಕೆ ಪೌಡರ್ ಹಚ್ಚಿಕೊಂಡರು.

“ಕೊನೇಗೆ ನಾನು ಸಾಯ್ತೀನಾ?”

“ಇಲ್ಲ. ಊಟ ಮಾಡ್ತೀಯಾ ಅಂತ ಕೇಳ್ತೀರಿ.”

“ಅಷ್ಟೇನಾ? ನನ್ನ ಎಲ್ಲಾ ಊರಾಗೂ ಸಾಯಿಸವ್ರೆ ಕಣಮ್ಮ. ಇದು ಆರಾಮ.”

ಪರೀಕ್ಷಕಿ ಫೋನ್ ಚಾರ್ಜಿಗೆ ಹಾಕಲು ಸಾಕೆಟ್ ಹುಡುಕಿ, ಸಿಕ್ಕ ಮೇಲೆ ಅದರ ಪಕ್ಕದಲ್ಲೇ ಕೂತರು. ಮೇಷ್ಟ್ರು, ಅಟೆಂಡರು, ಲ್ಯಾಬಿಗೆ ಕಾಯುತ್ತಿದ್ದ ಕೆಲವು ಹುಡುಗಿಯರು ಪ್ರೇಕ್ಷಕರು. ಕಟ್ಟೆಯ ಮೇಲೆ ಒಂದು ಹಗ್ಗ, ನಾಲ್ಕು ಬಟ್ಟೆ, ಮನೆ ಎಂದು ತೋರಿಸಲು ನೀಲಿ ಕುರ್ಚಿ. ಕುರ್ಚಿಯನ್ನು ತೆಗೆದುಬಿಡಿ ಎಂದು ನಾನು ಹೇಳಿದ್ದೆನೋ ಇಲ್ಲವೋ ನೆನಪಿಲ್ಲ. ಹೇಳಬೇಕೆಂದುಕೊಂಡದ್ದು ನಿಜ.

ಶುರುವಾಯಿತು. ಅವರು ಹಗ್ಗದ ಹತ್ತಿರ ನಿಂತು, ಇಲ್ಲದ ಮೈಕಿನ ಕಡೆ ಮುಖವೆತ್ತಿ, ಸಾವಿರ ಜನಕ್ಕೆ ಕೇಳುವ ಹಾಗೆ, “ಬಂದ್ಯಾ? ಚಪ್ಪಲಿ ಆ ಕಡೆ ಬಿಡು!” ಅಂದರು. ಲ್ಯಾಬಿನ ಹುಡುಗಿಯೊಬ್ಬಳು ಬೆಚ್ಚಿಬಿದ್ದಳು. ನನ್ನ ಕತ್ತು ಆಗಲೇ ಹಿಂದಿನ ಕಿಟಕಿಗೆ ತಿರುಗಿತ್ತು. ಮತ್ತೆ ಈ ಕಡೆ ತಿರುಗಿಸಿಕೊಂಡೆ, ಕಣ್ಣು ಹೋಗಿ ಖಾಲಿ ಕುರ್ಚಿಯ ಸೀಳಿದ ಎಲೆಯ ಮೇಲೆ ಕೂತಿತು. ಹೀಗೆಯೇ ನಡೆಯಿತು. ಅಮ್ಮ ಮೈಕಿಗೆ ಮಾತಾಡುತ್ತಿದ್ದಳು, ಮಗಳು ಕುರ್ಚಿಗೆ. ಇಬ್ಬರಿಗೂ ಪಾರ್ಟು ಅಚ್ಚುಕಟ್ಟಾಗಿ ಬರುತ್ತಿತ್ತು. ಎಲ್ಲೂ ಒಂದು ಪದ ತಪ್ಪಲಿಲ್ಲ. ಪರೀಕ್ಷಕಿ ಚಾರ್ಜಾಗುತ್ತಿದ್ದ ಫೋನಿನ ಕಡೆ ನೋಡಿದ್ದನ್ನು ನಾನು ಕಂಡೆ. ರಂಗದ ಮೇಲೆ ಇಬ್ಬರಿದ್ದೂ ನಾನು ಒಬ್ಬಳೇ ಆಡುತ್ತಿದ್ದೇನೆ, ಈ ವರ್ಷವೆಲ್ಲ ಮಾಡಿದ್ದನ್ನೇ ಮಾಡುತ್ತಿದ್ದೇನೆ, ಇದನ್ನು ಅವರು ಪಾಸು ಮಾಡುವುದಿಲ್ಲ ಎಂದು ಮಾತಿನ ನಡುವೆಯೇ ತಿಳಿಯುತ್ತಿತ್ತು. ತಿಳಿದರೂ ಕಣ್ಣು ಮೇಲೇಳಲಿಲ್ಲ.

ಕೊನೆಯ ಭಾಗ ಬಂತು. ಅವರು ಮಡಿಸಿದ ಬಟ್ಟೆಯನ್ನು ಎದೆಗೆ ಹಿಡಿದುಕೊಂಡು ಹಗ್ಗದ ಹತ್ತಿರದಿಂದ ಎರಡು ಹೆಜ್ಜೆ ಬಂದರು, ಉಸ್ಸೆಂದು ನೀಲಿ ಕುರ್ಚಿಯಲ್ಲಿ ಕೂತುಬಿಟ್ಟರು. ನಾಟಕದಲ್ಲಿ ಅಮ್ಮ ಕೂರುವುದಿಲ್ಲ. ನನ್ನ ಕಣ್ಣು ಇದ್ದಲ್ಲೇ ಇತ್ತು. ಸೀಳಿದ ಎಲೆಯ ಜಾಗಕ್ಕೆ ಒಂದು ಮುಖ ಬಂತು.

“ಏನಾದ್ರೂ ಕೇಳಮ್ಮ,” ಅಂದೆ.

ಅವರು ಬಾಯಿ ತೆರೆದರು. ಏನೂ ಬರಲಿಲ್ಲ. ಮೈಕಿನ ಕಡೆ ನೋಡಿ, ಅದು ಇಲ್ಲವೆಂದು ನೆನಪಾಗಿ, ನನ್ನನ್ನು ನೋಡಿದರು. ಆಮೇಲೆ, ಸಾವಿರ ಜನಕ್ಕಲ್ಲ, ಪಕ್ಕದಲ್ಲಿ ಕೂತವರನ್ನು ಕೇಳುವ ದನಿಯಲ್ಲಿ ಕೇಳಿದರು:

“ಯಾವ್ ಬಸ್ಸಿಗೆ ಬಂದೆ?”

ಆ ಪ್ರಶ್ನೆಗೆ ನನ್ನ ಹತ್ತಿರ ಕಲಿತ ಉತ್ತರವಿರಲಿಲ್ಲ. ಊಟದ ಪ್ರಶ್ನೆಗೆಂದು ಕಲಿತಿದ್ದ ಉದ್ದನೆಯ ಮಾತು ಇದಕ್ಕೆ ಹೊಂದುತ್ತಿರಲಿಲ್ಲ.

“ಮಡಕಶಿರಾ ಮ್ಯಾಲೆ ಬಂದೆ,” ಅಂದೆ. “ಸೀಟು ಸಿಗಲಿಲ್ಲ.”

“ನಿಂತ್ಕಂಡೇ ಬಂದ್ಬುಟ್ಯಾ?”

“ಅರ್ಧ ದಾರಿ. ಆಮೇಲೆ ಯಾರೋ ಬ್ಯಾಗು ಎತ್ತಿ ಜಾಗ ಕೊಟ್ರು.”

“ಕಾಲು ನೋವಾ?”

“ಹೂಂ.”

ಅಷ್ಟೇ. ನಾನು ಅವರ ಹತ್ತಿರ ನೆಲದ ಮೇಲೆ ಕೂತೆ. ಅವರು ಮಡಿಸಿದ್ದ ಸೀರೆಯನ್ನು ಬಿಚ್ಚಿ ಮತ್ತೆ ಮಡಿಸತೊಡಗಿದರು, ಒಂದು ತುದಿ ನನ್ನ ಕೈಗೆ ಕೊಟ್ಟರು. ಮೇಷ್ಟ್ರು ಲೈಟು ಆರಿಸಿದರು. ಹಗಲಾದ್ದರಿಂದ ಏನೂ ಕತ್ತಲಾಗಲಿಲ್ಲ.

ಪರೀಕ್ಷಕಿ ಕೇಳಿದ್ದು ಒಂದೇ: “ಬಸ್ಸಿನ ಮಾತು ಸ್ಕ್ರಿಪ್ಟಿನಲ್ಲಿದೆಯಾ?” ಮೇಷ್ಟ್ರು, “ಇದೆ ಮೇಡಂ,” ಅಂದರು, ಕೊನೆಯ ಬೆಂಚಿಗೆ ಕೇಳುವ ಹಾಗೆ. ಆಕೆ ತಲೆಯಾಡಿಸಿ, “ಮೊದಲ ಭಾಗ ಇನ್ನೂ ಚಿಕ್ಕದು ಮಾಡಬಹುದಿತ್ತು,” ಎಂದು ಹೇಳಿ ಚಾರ್ಜರ್ ಕಿತ್ತುಕೊಂಡರು. ನಾನು ಪಾಸಾದೆ.

ನಟಿಯನ್ನು ಬಸ್‌ಸ್ಟ್ಯಾಂಡಿಗೆ ಬಿಡಲು ಹೋದವಳು ನಾನೇ. ದಾರಿಯಲ್ಲಿ ಹುಣಸೆಹಣ್ಣಿನ ಮಂಡಿಯ ಹುಳಿ ವಾಸನೆ. ಕೇಳದೆ ಇರಲಾಗಲಿಲ್ಲ: ಕುರ್ಚಿಯಲ್ಲಿ ಯಾಕೆ ಕೂತಿರಿ, ನಾನು ಅಲ್ಲೇ ನೋಡುತ್ತಿದ್ದೆ ಎಂದಾ?

“ಮೊಣಕಾಲು ಕಣಮ್ಮ. ಬಸ್ಸಿನಾಗೆ ನಿಂತ್ಕಂಡ್ ಬಂದಿದ್ದೆ.”

“ಮತ್ತೆ ಆ ಪ್ರಶ್ನೆ?”

“ಮರ್ತೋಯ್ತು. ಕೂತ್ರೆ ನಂಗೆ ಮಾತು ಬರಲ್ಲ, ನಿಂತು ಕಲಿತವ್ಳು. ಮರ್ತೋದ್ರೆ ಸುಮ್ನೆ ನಿಂತ್ಕಬಾರ್ದು, ಏನಾರ ಕೇಳ್ಬೇಕು. ಕೇಳ್ದೆ.” ಬಸ್ಸು ಹತ್ತಿ ಕಿಟಕಿಯಲ್ಲಿ ಮುಖವಿಟ್ಟು, “ನೀ ಎಲ್ಲಿಗೆ ಹೋಯ್ತೀಯ ಈಗ?” ಅಂದರು.

“ಇಲ್ಲೇ. ರೂಮಿಗೆ.”

“ಅಲ್ಲಿ ಯಾರವ್ರೆ?”

ನಾನು ಹೇಳುವುದರೊಳಗೆ ಬಸ್ಸು ಹೊರಟಿತು. ರೂಮಿಗೆ ಹೋಗುವ ಮುಂಚೆ ಕಾಲೇಜಿಗೆ ವಾಪಸು ಬಂದು ಹಗ್ಗ ಬಿಚ್ಚಿದೆ, ಕುರ್ಚಿಯನ್ನು ಮೂಲೆಗೆ, ಮರದ ಕುರ್ಚಿಯ ಪಕ್ಕಕ್ಕೆ ಇಟ್ಟೆ. ಅಲ್ಲಿ ಇನ್ನು ನನಗೆ ಕೆಲಸವಿರಲಿಲ್ಲ. ಮುಂದಿನ ವರ್ಷ ಆ ವಿಷಯಕ್ಕೆ ಯಾರೂ ಸೇರಲಿಲ್ಲ, ಮುಚ್ಚಿದರು ಎಂದು ಮೇಷ್ಟ್ರು ಫೋನಿನಲ್ಲಿ ಹೇಳಿದರು.

ಆ ದಿನದ ಡೈರಿಯಲ್ಲಿ ನಾನು ಬರೆದಿರುವುದು, “ಪ್ರಾಕ್ಟಿಕಲ್ ಮುಗಿಯಿತು. ವಿಪರೀತ ಸೆಕೆ,” ಅಷ್ಟೇ. ಉಳಿದದ್ದೆಲ್ಲ ಆಮೇಲೆ ಕೂಡಿಸಿಕೊಂಡದ್ದು. ಕುರ್ಚಿಯಲ್ಲಿ ಕೂತ ಅವರ ಕಣ್ಣು ನನಗೆ ಈಗಲೂ ಕಾಣುತ್ತದೆ. ಆದರೆ ಅವರ ಬೆನ್ನ ಹಿಂದೆ ಪಕ್ಕದ ಬಾಗಿಲು ತೆರೆದಿತ್ತು, ಬಿಸಿಲು ನನ್ನ ಮುಖಕ್ಕೆ ಹೊಡೆಯುತ್ತಿತ್ತು, ಅವರ ಕಣ್ಣು ನನಗೆ ಕಂಡಿರುವ ಸಾಧ್ಯತೆಯೇ ಕಡಿಮೆ. ಮಡಕಶಿರಾ ಮೇಲೆ ಬಂದೆ, ಸೀಟು ಸಿಗಲಿಲ್ಲ ಎಂಬ ಮಾತನ್ನು ಮಾತ್ರ ನಾನು ನಂಬುತ್ತೇನೆ. ಅದನ್ನು ಬಾಯಿಪಾಠ ಮಾಡಿರಲಿಲ್ಲ.

ಆ ಶನಿವಾರ ಕಲ್ಯಾಣದುರ್ಗಕ್ಕೆ ಹೋದೆ. ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದ ಹಾಗೇ ಅಮ್ಮ ಒಳಗಿನಿಂದಲೇ ಕೇಳಿದರು: “ಮಡಕಶಿರಾ ಮ್ಯಾಲಾ, ಪೆನುಕೊಂಡ ಮ್ಯಾಲಾ?” ನಾನು ಒಂದು ಚಪ್ಪಲಿಯಲ್ಲೇ ನಿಂತೆ. ಪ್ರತಿ ಶನಿವಾರ ಅಮ್ಮ ಇದನ್ನು ಕೇಳುತ್ತಿದ್ದರು, ನಾನು “ಹೂಂ” ಎಂದು ಒಳಗೆ ಹೋಗುತ್ತಿದ್ದೆ, ನನ್ನನ್ನು ಯಾರೂ ಏನೂ ಕೇಳುವುದಿಲ್ಲ ಎಂದು ಕುರ್ಚಿಯ ಮುಂದೆ ದೂರುತ್ತಿದ್ದೆ. ಹೀಗೆ ನನಗೆ ಆ ಕ್ಷಣ ಅನಿಸಿತು. ಅನಿಸಿದ್ದು ಅಷ್ಟೊಂದು ಸ್ಪಷ್ಟವಾಗಿತ್ತು, ಅದಕ್ಕೇ ಈಗ ಅದರ ಮೇಲೆ ಅನುಮಾನ.

ಈಗ ನಾನು ಕಲ್ಯಾಣದುರ್ಗದಲ್ಲೇ ಒಂದು ಶಾಲೆಯಲ್ಲಿ ಕಲಿಸುತ್ತೇನೆ. ಬಸ್ಸಿನಲ್ಲಿ ಬರುವುದಿಲ್ಲ, ಆದ್ದರಿಂದ ಆ ಪ್ರಶ್ನೆಗೆ ಮನೆಯಲ್ಲಿ ಜಾಗವಿಲ್ಲ. ಮೊನ್ನೆ ಅಮ್ಮ ಫ್ರಿಜ್ಜಿನ ಮುಂದೆ ಕೂತು ಅವರೆಕಾಯಿ ಬಿಡಿಸುತ್ತಿದ್ದಾಗ ಕೇಳಿದೆ.

“ಅಮ್ಮ, ನಾನು ಹಿಂದೂಪುರದಿಂದ ಬಂದಾಗೆಲ್ಲ ನೀನು ಯಾವ ಬಸ್ಸು ಅಂತ ಕೇಳ್ತಿದ್ದೆ ಅಲ್ವಾ?”

“ನಾನಾ? ಇಲ್ವಲ್ಲ. ಯಾವ್ ಬಸ್ಸಾದ್ರೇನು, ಬಂದ್ರೆ ಸಾಕಾಗಿತ್ತು.”

“ಒಂದ್ಸಲಾನೂ?”

ಅಮ್ಮ ಕಾಯಿ ಬಿಡಿಸುವುದನ್ನು ನಿಲ್ಲಿಸಲಿಲ್ಲ. “ಕೇಳಿದ್ನೇನೋ ಒಂದ್ಸಲ. ಯಾಕೆ, ಏನಂದೆ ನೀನು?”

ನಾನು ಏನಂದಿದ್ದೆನೋ ನನಗೆ ನೆನಪಿರಲಿಲ್ಲ. ಅಮ್ಮನ ಪಕ್ಕದಲ್ಲಿ ಕೂತು ಬುಟ್ಟಿಯಿಂದ ಒಂದು ಹಿಡಿ ಕಾಯಿ ತೆಗೆದುಕೊಂಡೆ.